ಫ್ರೀ ಅಕ್ಕನ ಬುಟ್ಟಿ

ಬೆಳಗಿನ ಐದೂಕಾಲು ಗಂಟೆ. ಗೋದಾಮಿನ ಮೇಲಿನ ಪುಟ್ಟ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಮೇಜಿನ ಮೇಲೊಂದು ಕಂಪ್ಯೂಟರ್, ಅದರ ಪಕ್ಕದಲ್ಲಿ ಹಿಡಿ ಸಡಿಲವಾದ ಪ್ಲಾಸ್ಟಿಕ್ ಬುಟ್ಟಿ. ಐವತ್ತರ ಹತ್ತಿರದ ಹೆಂಗಸೊಬ್ಬರು ಬುಟ್ಟಿಗೆ ಎರಡು ಪಾತ್ರೆ ಹಾಕುತ್ತಾರೆ, ಮೇಲೊಂದು ಟೀ ಜರಡಿ ಇಡುತ್ತಾರೆ. ಒಂದು ಪಾತ್ರೆ ಹೊರಗೆ ತೆಗೆಯುತ್ತಾರೆ. ಒಡನೆ ಜರಡಿಯನ್ನೂ ತೆಗೆಯುತ್ತಾರೆ. ಮತ್ತೆ ಎಲ್ಲವನ್ನೂ ಹಾಕಿ, ಜರಡಿಯನ್ನು ಕಣ್ಣೆದುರು ಎತ್ತಿ ಹಿಡಿದು, ತಂಟೆ ಮಾಡಿದ ಮಗುವನ್ನು ವಿಚಾರಿಸುವಂತೆ ಕೇಳುತ್ತಾರೆ: "ನೀನು ಯಾರು? ಕೊಂಡಿದ್ದಾ, ಬಂದಿದ್ದಾ?"

ಹೊಸಬರು ಕಂಡರೆ ಇವರಿಗೆ ತಲೆ ಕೆಟ್ಟಿದೆಯೇ ಎಂದುಕೊಳ್ಳಬೇಕು. ಆದರೆ ಇದೇ ಇವರ ಕೆಲಸ. ಅಡುಗೆಮನೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಯಲ್ಲಿ "ಇಷ್ಟು ಕೊಂಡರೆ ಇದು ಉಚಿತ" ಎಂಬ ಕೊಡುಗೆಗಳ ನಿಯಮವನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವವರು ಇವರು. ಯಾವುದಕ್ಕೆ ಯಾವುದು ಉಚಿತ, ಒಬ್ಬರಿಗೆ ಎಷ್ಟು, ಕೊಂಡದ್ದನ್ನು ಬುಟ್ಟಿಯಿಂದ ತೆಗೆದರೆ ಉಡುಗೊರೆ ಏನಾಗಬೇಕು, ಉಡುಗೊರೆಯ ದಾಸ್ತಾನು ಮುಗಿದರೆ ಏನು ಗತಿ, ಎಲ್ಲವನ್ನೂ ಒಂದೊಂದಾಗಿ ಹೇಳಬೇಕು. ಕಂಪ್ಯೂಟರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಹೇಳದೆ ಬಿಟ್ಟದ್ದನ್ನು ಊಹಿಸುವ ಗೋಜಿಗೆ ಹೋಗುವುದಿಲ್ಲ. ಇವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಇವರು ಫ್ರೀ ಅಕ್ಕ.

ಮನೆಯಲ್ಲಿ ಈ ಕೆಲಸ ಏನೆಂದು ಯಾರಿಗೂ ನೆಟ್ಟಗೆ ಅರ್ಥವಾಗಿಲ್ಲ. ಅಕ್ಕಪಕ್ಕದವರು ಕೇಳಿದರೆ ಅತ್ತೆ ಹೇಳುವುದು ಒಂದೇ ಉತ್ತರ: "ನಮ್ಮ ಸೊಸೆ ಊರಿಗೆಲ್ಲ ಬಿಟ್ಟಿ ಹಂಚೋ ಕೆಲಸಕ್ಕೆ ಹೋಗ್ತಾಳೆ. ಮನೇಲಿ ಮಾತ್ರ ಒಂದು ಮಾತೂ ಬಿಟ್ಟಿ ಸಿಗಲ್ಲ." ಸೊಸೆ ನಗುತ್ತಾರೆ. "ಅವರು ಹೇಳೋದೂ ಸರಿನೇ. ದಿನಾ ಇಲ್ಲಿ ಲೆಕ್ಕ ಹಾಕಿ ಹಾಕಿ, ಮನೇಲೂ ಹಾಗೇ ಆಗ್ಬಿಟ್ಟಿದೀನಿ."

ಈ ಕುರ್ಚಿಗೆ ಬರುವ ಮೊದಲು ಹದಿನಾಲ್ಕು ವರ್ಷ ಫ್ರೀ ಅಕ್ಕ ಕೆಳಗಿನ ಗೋದಾಮಿನಲ್ಲಿ ನಿಂತು ಪೆಟ್ಟಿಗೆ ಕಟ್ಟಿದವರು. ಆಗ ಉಡುಗೊರೆ ಎಂದರೆ ಪಾತ್ರೆಗೆ ಚಮಚವನ್ನು ಟೇಪಿನಿಂದ ಅಂಟಿಸುವುದು, ಅಷ್ಟೇ. ಮಂಡಿಗಳು ಕೈಕೊಟ್ಟವು. ವೈದ್ಯರು ಇನ್ನು ನಿಲ್ಲುವ ಕೆಲಸ ಆಗದು ಎಂದರು. ಕೆಲಸ ಹೋಯಿತೆಂದೇ ತಿಳಿದು ಊಟದ ಡಬ್ಬಿಯನ್ನೂ ಮನೆಗೆ ಒಯ್ದಿದ್ದರು. ಅಂಗಡಿಯ ಮಾಲೀಕರು ಕರೆದು, ಯಾವ ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ, ಅದನ್ನೇ ಕಂಪ್ಯೂಟರಿಗೆ ಕಲಿಸಿ ಎಂದು ಮೇಲಿನ ಕೋಣೆ ತೋರಿಸಿದರು. ನಲವತ್ತಮೂರನೆಯ ವಯಸ್ಸಿನಲ್ಲಿ ಫ್ರೀ ಅಕ್ಕ ಮೊದಲ ಬಾರಿಗೆ ಮೌಸ್ ಹಿಡಿದರು. "ಪರದೆ ಮೇಲಿನ ಬುಟ್ಟಿ ನಂಗೆ ಅರ್ಥನೇ ಆಗ್ತಿರ್ಲಿಲ್ಲ. ಕೆಳಗಿಂದ ನಿಜವಾದ ಬುಟ್ಟಿ ತಂದಿಟ್ಕೊಂಡೆ. ಕೈಯಲ್ಲಿ ಹಾಕಿ ತೆಗೆದು ಮಾಡಿದ್ರೆ ತಲೆಗೆ ಹತ್ತುತ್ತೆ" ಎನ್ನುತ್ತಾರೆ.

ಆ ಬುಟ್ಟಿಯಲ್ಲಿ ಹಾಕಿ ನೋಡದೆ ನಿಯಮ ಬರೆದದ್ದು ಒಂದೇ ಒಂದು ಸಲ. ಏಳು ತಿಂಗಳ ಹಿಂದಿನ ಮಾತು. ಅಡುಗೆಮನೆ ವಿಭಾಗದ ಪ್ರತಿ ವಸ್ತುವಿಗೂ ಒಂದು ಮರದ ಸೌಟು ಉಚಿತ ಎಂದು ಅವಸರದಲ್ಲಿ ಬರೆದರು. ಸೌಟೂ ಅಡುಗೆಮನೆ ವಿಭಾಗದ್ದೇ ಅಲ್ಲವೇ? ಬಾಣಲೆಗೆ ಒಂದು ಸೌಟು ಬಂತು, ಆ ಸೌಟಿಗೆ ಇನ್ನೊಂದು ಸೌಟು ಬಂತು, ಅದಕ್ಕೆ ಮತ್ತೊಂದು. ಒಂದು ಬುಟ್ಟಿಗೆ ಐವತ್ತೇ ವಸ್ತು ಎಂಬ ಮಿತಿ ಇದ್ದದ್ದರಿಂದ ಕಂಪ್ಯೂಟರ್ ಅಲ್ಲಿಗೆ ನಿಂತಿತು. ಕೆಳಗಿನವರು ಚೀಟಿ ಹೇಳಿದಂತೆ ಒಂದೊಂದಕ್ಕೂ ಒಂದು ಬಾಣಲೆ, ನಲವತ್ತೊಂಬತ್ತು ಸೌಟು ಕಟ್ಟಿ ಹನ್ನೊಂದು ಪೆಟ್ಟಿಗೆ ಕಳಿಸಿಯೇಬಿಟ್ಟರು. ಮರುದಿನ ಅಜ್ಜಿಯೊಬ್ಬರ ಫೋನು: "ಏನಮ್ಮಾ, ನಾನೇನು ಸೈನ್ಯಕ್ಕೆ ಅಡುಗೆ ಮಾಡ್ತೀನಾ?"

ಈಗ ಹೇಳುವಾಗ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಫ್ರೀ ಅಕ್ಕ ಮಾತ್ರ ನಗುವುದಿಲ್ಲ. ಸೌಟೆಲ್ಲ ಖಾಲಿಯಾಗಿ, ಆಮೇಲೆ ಕೊಂಡ ಅರವತ್ತಮೂರು ಮಂದಿಗೆ ಹೇಳಿದ ಸೌಟು ಹೋಗಲಿಲ್ಲ. ಆ ಅರವತ್ತಮೂರು ಮಂದಿಗೂ ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು. "ಸೌಟು ಏನು ದೊಡ್ಡದಲ್ಲ. ಆದ್ರೆ ಕೊಡ್ತೀವಿ ಅಂತ ನಾವೇ ಹೇಳಿದ್ವಲ್ಲ." ಮಾಲೀಕರು ಬೈಯಲಿಲ್ಲ. ಇನ್ನೊಂದು ಸಲ ಹೀಗಾದರೆ ಉಡುಗೊರೆಯ ಸಹವಾಸವೇ ಬೇಡ, ಈ ಕೋಣೆ ಮುಚ್ಚಿಬಿಡೋಣ ಎಂದಷ್ಟೇ ಹೇಳಿದರು. ಕೋಣೆ ಮುಚ್ಚಿದರೆ ಕುರ್ಚಿ ಹೋಗುತ್ತದೆ, ನಿಲ್ಲಲು ಮಂಡಿ ಒಪ್ಪುವುದಿಲ್ಲ. ಅಂದಿನಿಂದ ಯಾವ ಉಡುಗೊರೆಯೂ ಕೊಂಡಿದ್ದಾ, ಬಂದಿದ್ದಾ ಎಂಬ ಆ ವಿಚಾರಣೆ ಮುಗಿಸದೆ ಬುಟ್ಟಿ ಸೇರುವುದಿಲ್ಲ. ಕೊಂಡದ್ದಾದರೆ ಅದು ಉಡುಗೊರೆ ತರಬಹುದು. ಜೊತೆಗೆ ಬಂದದ್ದಾದರೆ ಸುಮ್ಮನೆ ಕೂತಿರಬೇಕು.

ಸೌಟಿನ ಪ್ರಕರಣದ ನಂತರ ಇದೇ ಮೊದಲ ದೊಡ್ಡ ಕೊಡುಗೆ. ಎರಡು ಪಾತ್ರೆಗೆ ಒಂದು ಜರಡಿ. ಆರು ಗಂಟೆಗೆ ಶುರು. ಕೆಳಗೆ ಎಣಿಸಿಟ್ಟ ಆರುನೂರು ಜರಡಿಗಳಿವೆ. ಫ್ರೀ ಅಕ್ಕ ಮೂಲೆಯ ಹಳೆಯ ಕೆಟಲಿನಲ್ಲಿ ನೀರು ಕಾಯಿಸುತ್ತಾರೆ. ಅದರ ಹಿಡಿ ಮುರಿದು ಎರಡು ವರ್ಷವಾಯಿತು, ಪೆಟ್ಟಿಗೆ ಕಟ್ಟುವ ಟೇಪೇ ಅದನ್ನು ಹಿಡಿದುಕೊಂಡಿದೆ. ಹೊಸದು ಯಾಕಿಲ್ಲ ಎಂದು ಕೇಳಿದರೆ "ನೀರು ಕಾಯುತ್ತಲ್ಲ" ಎನ್ನುತ್ತಾರೆ. ಸೌಟಿನ ನಂತರ ಪ್ರತಿ ಕೊಡುಗೆಗೂ ಮೊದಲು ತಮ್ಮ ಪರೀಕ್ಷೆಯ ಖಾತೆಯಿಂದ ಗಿರಾಕಿಯಂತೆ ಒಂದು ಆರ್ಡರ್ ಹಾಕುವುದು ಇವರ ಪದ್ಧತಿ. ಅದರ ಚೀಟಿ ಕೆಳಗೆ ಅಚ್ಚಾಗುತ್ತದೆ, ಕೆಳಗಿನವರು ಪೆಟ್ಟಿಗೆ ಕಟ್ಟುತ್ತಾರೆ, ಹತ್ತು ಗಂಟೆಗೆ ಇವರೇ ಇಳಿದು ಹೋಗಿ ಬಿಚ್ಚಿ ನೋಡುತ್ತಾರೆ.

ಐದು ಐವತ್ತು. ಪರದೆಯ ಬುಟ್ಟಿಗೆ ಎರಡು ಪಾತ್ರೆ ಹಾಕುತ್ತಾರೆ. ಜರಡಿ ಬರುತ್ತದೆ. ಅದರ ಬೆನ್ನಿಗೇ ಒಂದು ನೀಲಿ ಕೆಟಲ್ ಬಂದು ಕೂರುತ್ತದೆ. ಫ್ರೀ ಅಕ್ಕ ಒಡನೆ ನಿಯಮಗಳನ್ನು ತೆರೆಯುತ್ತಾರೆ. ಅವರು ಬರೆದ ನಿಯಮಗಳಲ್ಲಿ ಕೆಟಲ್ ಎಂಬ ಮಾತೇ ಇಲ್ಲ. ನಿಯಮಗಳ ಪಟ್ಟಿಯ ತಳದಲ್ಲಿ ಇನ್ನೊಂದು ಸೇರಿಕೊಂಡಿದೆ, ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. ಜರಡಿಯ ಜೊತೆ ಊರಿಗೆಲ್ಲ ಕೆಟಲ್ ಹೋಗುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಕೂತು ಓದಲು ಪುರುಸೊತ್ತಿಲ್ಲ. ಆ ನಿಯಮವನ್ನು ಆಫ್ ಮಾಡಿ, ಪರೀಕ್ಷೆಯ ಆರ್ಡರನ್ನು ಹೊಸದಾಗಿ ಹಾಕುತ್ತಾರೆ. ಎರಡು ಪಾತ್ರೆ, ಒಂದು ಜರಡಿ. ಆರು ಹೊಡೆಯುವಾಗ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ.

ಒಂಬತ್ತರ ಹೊತ್ತಿಗೆ ನೂರ ನಲವತ್ತು ಆರ್ಡರ್. ಮಾಲೀಕರು ಬಾಗಿಲಲ್ಲಿ ತಲೆ ಹಾಕುತ್ತಾರೆ. "ಎಷ್ಟು ಜರಡಿ ಹೋಯ್ತು?"

"ಎಷ್ಟು ಹೋಗ್ಬೇಕೋ ಅಷ್ಟೇ."

ಮಾಲೀಕರು ತಮ್ಮ ಫೋನಿನಲ್ಲಿ ನೋಡುತ್ತಾರೆ, ತಲೆಯಾಡಿಸುತ್ತಾರೆ. "ಮುಂದಿನ ತಿಂಗಳು ತಟ್ಟೆ ಇಡೋಣ, ಯೋಚ್ನೆ ಮಾಡಿಡಿ" ಎಂದು ಹೊರಡುತ್ತಾರೆ. ಕೋಣೆ ಉಳಿಯಿತು ಎಂದು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಕ್ಕೆ ಕೆಳಗಿಳಿದರೆ ಗೋದಾಮಿನಲ್ಲಿ ಒಬ್ಬರೂ ಕೆಲಸ ಮಾಡುತ್ತಿಲ್ಲ. ಆರು ಹೆಂಗಸರು ಪರೀಕ್ಷೆಯ ಪೆಟ್ಟಿಗೆಯ ಸುತ್ತ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಾರೆ. ಮುಂದೆ ನಿಂತವರು ಕೆಳಗಿನ ಮುಖ್ಯಸ್ಥೆ. ಹಲ್ಲಿನಿಂದಲೇ ಟೇಪು ಕತ್ತರಿಸುವುದರಿಂದ ಅವರಿಗೆ ಟೇಪಮ್ಮ ಎಂದೇ ಹೆಸರು. ಆರು ತಿಂಗಳಿಂದ ಊಟದ ಹೊತ್ತಿನಲ್ಲಿ ಮೇಲೆ ಬಂದು ಫ್ರೀ ಅಕ್ಕನ ಬಳಿ ನಿಯಮ ಬರೆಯಲು ಕಲಿಯುತ್ತಿದ್ದಾರೆ.

"ಅಕ್ಕಾ, ಕೆಟಲ್ ಎಲ್ಲಿ?" ಟೇಪಮ್ಮನ ದನಿಯಲ್ಲಿ ಅಳುವೇ ಇದೆ. "ಚೀಟೀಲಿ ಕೆಟಲ್ಲೇ ಇಲ್ವಲ್ಲ!"

"ಅದು ನೀನು ಮಾಡಿದ್ದಾ? ನನ್ನ ಜೀವ ಬಾಯಿಗೆ ಬಂದಿತ್ತು ಕಣೇ!"

ವಿಷಯ ನಿಧಾನಕ್ಕೆ ಹೊರಬೀಳುತ್ತದೆ. ಫ್ರೀ ಅಕ್ಕ ಆ ಕುರ್ಚಿಯಲ್ಲಿ ಕೂತು ಇವತ್ತಿಗೆ ಐದು ವರ್ಷ. ಆರೂ ಮಂದಿ ಸೇರಿ ನೀಲಿ ಕೆಟಲ್ ತೆಗೆದುಕೊಂಡಿದ್ದಾರೆ. ಕೈಗೆ ಕೊಟ್ಟರೆ ಏನು ಚಂದ, ಅವರದೇ ಪೆಟ್ಟಿಗೆಯಲ್ಲಿ ಉಡುಗೊರೆಯಾಗಿ ಬರಲಿ ಎಂದು ಟೇಪಮ್ಮ ನಿನ್ನೆ ಸಂಜೆ ತಮ್ಮ ಜೀವನದ ಮೊದಲ ನಿಯಮ ಬರೆದಿದ್ದಾರೆ. ಕೆಟಲ್ ಅಲ್ಲೇ ಕಪಾಟಿನಲ್ಲಿದೆ, ಪೆಟ್ಟಿಗೆಗೆ ಹಾಕಿಲ್ಲ.

"ಕೈಗೆ ಸಿಗೋ ಹಾಗಿತ್ತಲ್ಲ, ಹಾಕ್ಬಾರ್ದಿತ್ತಾ?"

"ಚೀಟೀಲಿ ಇಲ್ದೆ ಹೇಗಕ್ಕಾ ಹಾಕ್ಲಿ? ನೀವೇ ಹೇಳ್ಕೊಟ್ಟಿದ್ದು."

ಫ್ರೀ ಅಕ್ಕ ಮಂಡಿ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತುತ್ತಾರೆ, ಆರೂ ಮಂದಿ ಹಿಂದೆ. ಚುಕ್ಕೆಯ ನಿಯಮ ತೆರೆದು, ಈ ಸಲ ಪೂರ್ತಿ ಓದುತ್ತಾರೆ. ಪರೀಕ್ಷೆಯ ಖಾತೆಗೆ ಮಾತ್ರ. ಒಂದೇ ಒಂದು. ಉಡುಗೊರೆ ಇನ್ನೊಂದು ಉಡುಗೊರೆ ತರುವಂತಿಲ್ಲ. ಪಾತ್ರೆ ತೆಗೆದರೆ ಕೆಟಲ್ಲೂ ಹೋಗಬೇಕು. ಎರಡು ಸಲ ಓದಿ ಕನ್ನಡಕ ತೆಗೆಯುತ್ತಾರೆ. "ಒಂದೂ ತಪ್ಪಿಲ್ಲ. ನಾನು ಮೊದಲನೇದು ಬರೆದಾಗ ಆರು ತಪ್ಪಿತ್ತು." ಟೇಪಮ್ಮನ ಮುಖ ಅರಳುತ್ತದೆ. ನಿಯಮ ಮತ್ತೆ ಆನ್ ಆಗುತ್ತದೆ, ಆರ್ಡರ್ ಹೋಗುತ್ತದೆ, ಕೆಳಗೆ ಚೀಟಿ ಅಚ್ಚಾಗುವ ಸದ್ದು ಮೇಲಕ್ಕೂ ಕೇಳುತ್ತದೆ.

"ಐದು ವರ್ಷದಲ್ಲಿ ಎಷ್ಟು ಸಾವಿರ ಜನಕ್ಕೆ ಕಳಿಸಿದೀನೋ" ಎನ್ನುತ್ತಾರೆ ಫ್ರೀ ಅಕ್ಕ, ಪೆಟ್ಟಿಗೆ ಬರುವುದನ್ನು ಕಾಯುತ್ತ. "ನಂಗೆ ಅಂತ ಬಂದಿದ್ದನ್ನ ನಾನೇ ಹಿಡಿದು ನಿಲ್ಲಿಸ್ಬಿಟ್ಟೆ. ಇರ್ಲಿ ಬಿಡಿ. ಕಣ್ಣು ಇನ್ನೂ ಚುರುಕಾಗಿದೆ ಅಂತಾಯ್ತಲ್ಲ."

ಪೆಟ್ಟಿಗೆ ಬರುತ್ತದೆ. ಟೇಪು ಬಿಚ್ಚಿ ಎರಡು ಪಾತ್ರೆ, ಒಂದು ಜರಡಿ ತೆಗೆದಿಟ್ಟು, ಕೊನೆಗೆ ನೀಲಿ ಕೆಟಲನ್ನು ಎರಡೂ ಕೈಯಲ್ಲಿ ಎತ್ತುತ್ತಾರೆ. ಅಭ್ಯಾಸಬಲ, ಬಾಯಿ ತಾನಾಗಿಯೇ ಕೇಳುತ್ತದೆ.

"ನೀನು ಯಾರು? ಕೊಂಡಿದ್ದಾ, ಬಂದಿದ್ದಾ?"

ಕೆಟಲಿನ ಪರವಾಗಿ ಉತ್ತರ ಕೊಡುವವರು ಟೇಪಮ್ಮ: "ಬಂದಿದ್ದು ಅಕ್ಕಾ. ಸುಮ್ನೆ ಕೂತಿರುತ್ತೆ."