ಮಾಂಡವಿ ದಂಡೆಯಲ್ಲಿ ಬಿಟ್ಟ ಚಪ್ಪಲಿ

ಗೋವೆಯ ಕುಂಡಯಿಯ ಚಾಳುಗಳಲ್ಲಿ ಬೆಳೆದವರಿಗೆ ಆ ಕಾಲದ ಮೇ ತಿಂಗಳು ಹೇಗಿರುತ್ತಿತ್ತೆಂದು ನಾನು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೆಳಗ್ಗೆ ಗೇರುಹಣ್ಣು ಕೊಳೆತ ಹುಳಿ ವಾಸನೆ, ಮಧ್ಯಾಹ್ನ ಕಾರ್ಖಾನೆಗಳ ಕಡೆಯಿಂದ ಸುಟ್ಟ ಪ್ಲಾಸ್ಟಿಕ್ಕಿನದು, ಸಂಜೆಗೆ ಸಾಲಿನ ಅಷ್ಟೂ ಮನೆಗಳಿಂದ ಒಣಮೀನಿನದು. ಈ ಮೂರೂ ಸೇರಿದರೆ ನಮಗೆ ಶಾಲೆಯ ಸೂಟಿ. ಲಾರಿಯಿಂದ ಬಿಸಾಡಿದ ದೊಡ್ಡ ಹಲಗೆಯೊಂದನ್ನು ನಲ್ಲಿಯ ಕೆಳಗಿನ ರಾಡಿಯಲ್ಲಿಟ್ಟು, ಅದರ ಮೇಲೆ ಕೂತು ಹುಡುಗಿಯರೆಲ್ಲ ಬೋಟಿನ ಆಟ ಆಡುತ್ತಿದ್ದೆವು. ಮುಂದೆ ಕೂತವಳು ಡ್ರೈವರ್, ಹಿಂದಿನವರೆಲ್ಲ ಟೂರಿಸ್ಟರು. ಟೂರಿಸ್ಟರ ಕೆಲಸ ಕೈ ಮೇಲೆತ್ತಿ ಕಿರುಚುವುದು. ಪಣಜಿಯ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ, ಕೆಳಗೆ ದೀಪ ಹಾಕಿಕೊಂಡು ಹೊರಟ ಬೋಟುಗಳಲ್ಲಿ ಮಂದಿ ಹಾಗೆ ಕಿರುಚುವುದನ್ನು ನೋಡಿದ್ದೆವು. ಚಾಳಿನಲ್ಲಿ ಅಂಥ ಬೋಟು ಹತ್ತಿದವರು ಮಾತ್ರ ಒಬ್ಬರೂ ಇರಲಿಲ್ಲ.

ನಾವು ನದಾಫರು. ನಮಾಜು ಅರಬಿಯಲ್ಲಿ, ಜಗಳ ಕನ್ನಡದಲ್ಲಿ. ಕೃಷ್ಣಾ ದಂಡೆಯ ಊರು ಬಿಟ್ಟು ಅಪ್ಪ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಮಾಲು ಏರಿಸುವ, ಇಳಿಸುವ ಕೆಲಸಕ್ಕೆ ಬಂದಿದ್ದ. ಅವ್ವ, ಅಕ್ಕ ರೇಷ್ಮಾ, ನಾನು. ನನ್ನದು ಆಗಿನಿಂದಲೂ ಬಾಯಿ ಜೋರು. ಅಕ್ಕನದು ಮೆತ್ತನೆಯ ಮಾತು. ಆ ವರ್ಷ ಅವಳಿಗೆ ಗಂಡು ನೋಡಲು ಶುರುಮಾಡಿದ್ದರು.

ಕೊರ್ಲಿಮ್‌ನ ಇಮಾಮಸಾಬರ ಮಗ ಸಲೀಂನ ಮಾತು ಬಂದದ್ದು ಆಗ. ಇಮಾಮಸಾಬರೂ ನಮ್ಮ ಕಡೆಯವರೇ, ಆದರೆ ಗೋವೆಗೆ ಬಂದು ಒಂದು ತಲೆಮಾರೇ ಆಗಿತ್ತು. ಸ್ವಂತ ಟೆಂಪೋ, ಸ್ವಂತ ಮನೆ, ಮನೆಯ ಮೇಲೆ ನೀಲಿ ನೀರಿನ ಟ್ಯಾಂಕು. ಅಂಥ ಮನೆತನ ನಮ್ಮ ಚಾಳಿನ ಕಡೆ ತಿರುಗಿ ನೋಡಿದ್ದೇ ದೊಡ್ಡದೆಂದು ಅಪ್ಪ ಹಿಗ್ಗಿದ್ದ. ಅವರು ಹೆಣ್ಣು ನೋಡಲು ಮನೆಗೆ ಬರಲಿಲ್ಲ. ಫೋನಿನಲ್ಲಿ ಇಮಾಮಸಾಬರು ಹೇಳಿದ್ದನ್ನು ಅಪ್ಪ ನಮ್ಮ ಮುಂದೆ ಅವರ ದನಿಯಲ್ಲೇ ಹೇಳಿದ.

"ಚಾ ಕುಡದು ಹೆಣ್ಣು ನೋಡೂದು ಹಳೇದಾತು ಅಂತ. ಅವರ ಗೆಳೆಯಾರದು ಟೂರಿಸ್ಟ್ ಬೋಟ್ ಐತಂತ. ಐತವಾರ ಎರಡೂ ಮನಿ ಮಂದಿ ಕೂಡಿ ಹೊಳ್ಯಾಗ ಒಂದು ಸುತ್ತು ಹಾಕೂಣು, ಹುಡುಗ ಹುಡುಗಿನೂ ನೋಡ್ಲಿ, ನಾವೂ ಗಾಳಿ ತಗೊಳ್ಳೂಣು ಅಂದ್ರು."

"ಬೋಟಿನ್ಯಾಗ?" ಅಂದಳು ಅವ್ವ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮದುವೆ ಅಕ್ಕನದು, ಆದರೆ ಆ ವಾರವೆಲ್ಲ ಮದುಮಗಳ ಹಾಗಿದ್ದವಳು ಅವ್ವ.

ಅವಳ ತವರು ಕೃಷ್ಣಾ ಹೊಳೆಯ ಆಚೆ ದಂಡೆಗಿತ್ತು. ಹುಡುಗಿಯಾಗಿದ್ದಾಗ ಹತ್ತಿ ಬಿಡಿಸಲು ದಿನಾ ದೋಣಿ ದಾಟುತ್ತಿದ್ದಳು. "ದೋಣ್ಯಾಗ ಕುಂತಷ್ಟು ಹೊತ್ತು ಯಾರೂ ಕೆಲಸ ಹೇಳೂದಿಲ್ಲ ನೋಡು. ಅದಕ್ಕ ಛಂದ" ಎನ್ನುತ್ತಿದ್ದಳು. ಶನಿವಾರ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಬೀಗರಾಗುವವರ ಬಾಯಿ ಸಿಹಿ ಮಾಡಬೇಕೆಂದು ಮಾದ್ಲಿ ಮಾಡಿದಳು. ಬೆಲ್ಲ, ಏಲಕ್ಕಿಯ ಘಮಕ್ಕೆ ಪಕ್ಕದ ಮನೆಯವರು ಇಣುಕಿ, ಏನು ವಿಶೇಷ ಎಂದು ಕೇಳಿದರು. ಅಕ್ಕನಿಗೆ ಹೊಸ ಚೂಡಿದಾರ, ಫೋಂಡಾ ಬಜಾರಿನಿಂದ ಮಣಿ ಕೂಡಿಸಿದ ಚಪ್ಪಲಿ.

ಐತವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಮಾಂಡವಿ ದಂಡೆಗೆ ಹೋದೆವು. ಅಲ್ಲಿ ಸಿಮೆಂಟಿನ ಇಳಿಜಾರೊಂದು ನೀರಿನೊಳಗೆ ಇಳಿದಿತ್ತು. ಅದರ ತುದಿಗೇ ತಗಡಿನ ಚಾವಣಿಯ ಬೋಟು ನಿಂತಿತ್ತು. ಇಮಾಮಸಾಬರು, ಅವರ ಹೆಂಡತಿ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದ ಮಗಳು, ಬಿಳಿ ಬೂಟಿನ ಸಲೀಂ, ಎಲ್ಲ ಆಗಲೇ ಹತ್ತಿ ಕೂತಿದ್ದರು. ನಮ್ಮನ್ನು ಕಂಡು ಇಮಾಮಸಾಬರು ಎದ್ದು ಬಂದು ಅಪ್ಪನ ಕೈ ಹಿಡಿದರು.

"ಬರ್ರಿ ಬರ್ರಿ, ಭಾಳ ಚಲೋ ಆತು."

ಅಪ್ಪ ಹತ್ತುವ ಮೊದಲು ನಿಂತ. ಚಪ್ಪಲಿ ಬಿಟ್ಟ. ಅವನ ಹಿಂದೆ ಅವ್ವನೂ ಬಿಟ್ಟಳು. ನಮ್ಮೂರಲ್ಲಿ ಯಾರೂ ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ದೋಣಿ ಹತ್ತುತ್ತಿರಲಿಲ್ಲ, ಹಿಂದೂಗಳಿರಲಿ, ನಾವಿರಲಿ. ಹೊಳೆಯೆಂದರೆ ಗಂಗವ್ವ, ಅವಳ ಮೈಮೇಲೆ ಮೆಟ್ಟು ಮೆಟ್ಟಿ ಹೋಗಬಾರದು. ದಂಡೆಯ ಮೇಲೆ ಬಿಟ್ಟು ಹೋದರೆ, ಸಂಜೆ ಬಂದಾಗ ಬಿಟ್ಟಲ್ಲೇ ಇರುತ್ತಿದ್ದವು. ಅಕ್ಕ ಅನುಮಾನಿಸಿದಳು. ಹೊಸವು, ಮೇಲಾಗಿ ಅವತ್ತು ನೋಡುವವರು ನೋಡಬೇಕಾದವು.

"ಅವ್ವಾ, ಅವರೆಲ್ಲಾ ಹಾಕ್ಕೊಂಡಾರಲ್ಲ" ಅಂದಳು ಮೆಲ್ಲಗೆ.

"ಅವರದು ಅವರಿಗೆ. ಮದಿವಿ ಮಾತಿಗೆ ಹೊಂಟೀವಿ, ಗಂಗವ್ವನ ಮರ್ಯಾದಿ ತಪ್ಪಿಸಬಾರದವಾ. ಬಿಡು."

ಅಕ್ಕ ಬಿಟ್ಟಳು. ನಾನೂ ಬಿಟ್ಟೆ. ಅವ್ವ ನಾಲ್ಕು ಜೊತೆಯನ್ನೂ ನೀರಿನ ಅಂಚಿನ ಹತ್ತಿರ, ಒದ್ದೆಯಾಗದಷ್ಟು ಮೇಲೆ, ಸಾಲಾಗಿ ಇಟ್ಟಳು. ಇಮಾಮಸಾಬರು ಆ ಸಾಲನ್ನು ನೋಡಿದರು. ಆಮೇಲೆ ನೀರಿನ ಕಡೆ ನೋಡಿದರು. ಗಡ್ಡ ಸವರಿಕೊಂಡು ನಕ್ಕು, "ಹತ್ತ್ರಿ ಹತ್ತ್ರಿ" ಅಂದರು. ನಮ್ಮ ನಡತೆ ಅವರಿಗೆ ಹಿಡಿಸಿತೆಂದು ನಾನು ತಿಳಿದೆ. ನೋಡಿ, ನನ್ನ ಶಾಣ್ಯಾತನ!

ಬೋಟು ಹೊರಟಿತು. ಡೀಸೆಲ್ಲಿನ ಹೊಗೆ ಮೊದಲು ಮೂಗಿಗೆ ಬಡಿಯಿತು, ಆಮೇಲೆ ಉಪ್ಪುಗಾಳಿ ಅದನ್ನು ಒಯ್ದಿತು. ಎರಡೂ ಬದಿಗೆ ಕಾಂಡ್ಲಾ ಗಿಡಗಳು ಕೆಸರಿನಲ್ಲಿ ಬೇರೂರಿ ನಿಂತಿದ್ದವು. ನೀಲಿ ಹಕ್ಕಿಯೊಂದು ಕಣ್ಣೆದುರೇ ನೀರಿಗೆ ಬಿದ್ದು ಮೀನು ಹಿಡಿದುಕೊಂಡು ಹೋಯಿತು. ಬೋಟಿನಲ್ಲಿ ಕೂತಾಗ ಯಾರಿಗೆ ಏನು ಹಿತವೆನಿಸುತ್ತದೋ ಹೇಳಲಾಗದು. ಅಪ್ಪ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡಿ ಕೂತ. ದಿನವಿಡೀ ಚೀಲ ಹೊರುವ ಬೆನ್ನು ಅವತ್ತು ಮೊದಲ ಸಲ ಒರಗಿದ್ದನ್ನು ನೋಡಿದೆ. ಇಮಾಮಸಾಬರಿಗೆ ದಾರಿಯುದ್ದಕ್ಕೂ ಇದು ಇಂಥವರ ಬಂಗಲೆ, ಅದು ಇಂಥವರ ಅದಿರಿನ ಬಾರ್ಜು ಎಂದು ತೋರಿಸುವುದೇ ಸುಖ. ನನಗೆ ಬೋಟು ತಿರುಗುವಾಗ ಹೊಟ್ಟೆಯಲ್ಲಿ ಆಗುವ ಕಚಗುಳಿ. ಅಕ್ಕ ಬರಿಗಾಲನ್ನು ಸೀಟಿನ ಕೆಳಗೆ ಮಡಚಿ ಕೂತಿದ್ದಳು. ಸಲೀಂ ಏನೋ ಕೇಳಿದ, ಅವಳು ಏನೋ ಅಂದಳು, ಇಬ್ಬರೂ ನಕ್ಕರು. ಅಷ್ಟಕ್ಕೇ ಅಪ್ಪ ನನ್ನ ಪಕ್ಕೆ ತಿವಿದ.

ಅವ್ವನದು ಬೇರೆಯೇ. ಅವಳು ಬದಿಯಲ್ಲಿ ಕೂತು, ಸೆರಗು ಸಿಕ್ಕಿಸಿ, ಬಗ್ಗಿ ನೀರಿಗೆ ಅಂಗೈ ಬಿಟ್ಟಿದ್ದಳು. ನೀರು ಬೆರಳಸಂದಿಯಲ್ಲಿ ಸೀಳಿಕೊಂಡು ಹೋಗುತ್ತಿತ್ತು. ಕೈಬಳೆ ಮಣಿಕಟ್ಟಿಗೆ ಜಾರಿದ್ದವು. ತುಟಿಯಲ್ಲಿ ಯಾವುದೋ ಬೀಸುಕಲ್ಲಿನ ಹಾಡು. ಯಾರು ನೋಡುತ್ತಾರೆಂಬ ಖಬರೂ ಇರಲಿಲ್ಲ. ನನ್ನವ್ವ ಇಷ್ಟು ಚೆಲುವೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಬುತ್ತಿ ಬಿಚ್ಚಿದರು. ಮಾದ್ಲಿಯನ್ನು ಎಲ್ಲರೂ ಚಪ್ಪರಿಸಿದರು. ಇಮಾಮಸಾಬರ ಹೆಂಡತಿ ಮಾತ್ರ ನಮ್ಮ ಕಾಲು ನೋಡಿ, "ಚಪ್ಪಲಿ ಯಾಕ ಬಿಟ್ಟು ಬಂದೀರಿ?" ಅಂದರು. ಅವ್ವ ಗಂಗವ್ವನ ಮಾತು ಹೇಳಿದಳು. "ಹೌದೇನ್ರಿ" ಎಂದು ಅವರು ಮಗಳ ಮುಖ ನೋಡಿದರು. ಮಗಳು ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ನನ್ನ ಕಿವಿ ಬಿಸಿಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬೋಟು ತಿರುಗಿ ಬಂತು. ನೋಡಿದರೆ ಇಳಿಜಾರು ಅರ್ಧವೇ ಇಲ್ಲ! ನಾವು ನಿಂತು ಚಪ್ಪಲಿ ಬಿಟ್ಟ ಜಾಗದ ಮೇಲೆ ಮೊಳಕಾಲಷ್ಟು ನೀರು ಆಡುತ್ತಿತ್ತು. ಅಪ್ಪ ತಪ್ಪು ದಂಡೆಗೆ ಬಂದೆವೆಂದೇ ತಿಳಿದ.

"ಇದು ಬ್ಯಾರೆ ಜಾಗಾ ಐತೇನ್ರಿ?"

ಆಗ ಇಮಾಮಸಾಬರು ನಕ್ಕ ನಗೆ! ಸೀಟು ಬಡಿದುಕೊಂಡು ನಕ್ಕರು. "ಇದು ಕೃಷ್ಣಾ ಹೊಳಿ ಅಲ್ರೀಪಾ! ಸಮುದ್ರದ ನೀರು, ದಿನಾ ಭರತಿ ಬರ್ತದ, ಏರ್ತದ, ಇಳೀತದ. ನೀವು ಬಿಡೂಮುಂದ ನಾ ನೋಡೇನಿ. ಹೇಳಿದ್ರ ಮಜಾನ ಹೋಗ್ತಿತ್ತಲ್ರಿ!"

ನಮ್ಮ ಹೊಳೆ ಮಳೆಗಾಲಕ್ಕೆ ಏರುವಂಥದ್ದು. ಸುಡುಬೇಸಿಗೆಯಲ್ಲಿ, ಹನಿ ಮಳೆಯಿಲ್ಲದೆ, ಮಧ್ಯಾಹ್ನ ಇದ್ದ ದಂಡೆಯನ್ನು ಸಂಜೆಗೆ ನುಂಗುವ ಹೊಳೆಯ ಮಾತು ನಮಗೆ ಯಾರು ಹೇಳಿದ್ದರು? ಕುಂಡಯಿಯಲ್ಲಿ ಅಷ್ಟು ವರ್ಷ ಇದ್ದರೂ ನಮಗೆ ಗೊತ್ತಿದ್ದ ನೀರು ನಲ್ಲಿಯದು ಮಾತ್ರ.

ನನ್ನ ಒಂದು ಚಪ್ಪಲಿ ಗಿಡದ ಬೇರಿಗೆ ಸಿಕ್ಕಿ ಕುಣಿಯುತ್ತಿತ್ತು. ಅಪ್ಪನದೊಂದು ಬೋರಲಾಗಿ ದೂರ ಹೊರಟಿತ್ತು. ಅಕ್ಕನ ಮಣಿಚಪ್ಪಲಿಯ ಸುಳಿವೇ ಇರಲಿಲ್ಲ. ಅವ್ವ ಸೀರೆ ಎತ್ತಿಕೊಂಡು ನೀರಿಗಿಳಿದು, "ಅಗೋ, ಅಲ್ಲೈತಿ! ಹಿಡೀರಿ, ಹಿಡೀರಿ!" ಎಂದು ಕೈ ಬೀಸುತ್ತ ಓಡಿದಳು. ಕಾಲು ಜಾರಿ ದೊಪ್ಪನೆ ಕೂತಳು. ಸಲೀಂನ ತಂಗಿ ಮೊಬೈಲು ಎತ್ತಿ ಹಿಡಿದು ನಗುತ್ತಿದ್ದಳು. ಸಲೀಂ ಕೂಡ ನಗುತ್ತಿದ್ದ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ. ಅಲ್ಲಿ ಭೂಮಿಯೂ ಇರಲಿಲ್ಲ.

ಅಪ್ಪ ಮೊದಲು ಅವರ ಜೊತೆ ಸೇರಿ ತಾನೂ ನಕ್ಕ. ಆ ನಗೆ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಒದ್ದೆ ಸೀರೆಯ ಅವ್ವನ ಕಡೆ ತಿರುಗಿ ಅಷ್ಟೂ ಜನರ ಮುಂದೆ ಗದರಿದ.

"ಏಳ ಮ್ಯಾಲ! ಎಲ್ಲಿ ಹೋದ್ರೂ ನಿನ್ನ ಹಳ್ಳಿ ಬುದ್ಧಿ. ಗಂಗವ್ವ ಅಂತ ಗಂಗವ್ವ! ಮೂರು ಕಾಸಿನ ಮಾನಾ ಇಡಲಿಲ್ಲ ನೀ."

ಮೊದಲು ಚಪ್ಪಲಿ ಬಿಟ್ಟವನು ಅವನೇ. ಅವ್ವ ಎದ್ದು ಸೀರೆಯ ನೀರು ಹಿಂಡಿಕೊಂಡಳು. ಬಸ್ಸಿನಲ್ಲಿ ನಾಲ್ವರೂ ಬರಿಗಾಲಲ್ಲಿ ನಿಂತು ಬಂದೆವು. ಚಾಳಿನಲ್ಲಿ ಇಳಿದಾಗ, ಬೋಟು ಹೇಗಿತ್ತೆಂದು ಕೇಳಲು ನನ್ನ ಗೆಳತಿಯರು ಓಡಿ ಬಂದರು. ನಾನು ಬಾಗಿಲು ಹಾಕಿಕೊಂಡೆ.

ಮುಚ್ಚಿಡುವುದಾದರೂ ಹೇಗೆ? ಆ ವಿಡಿಯೋ ಕೊರ್ಲಿಮ್‌ನಿಂದ ಹೊರಟು ಮಡ್ಕಯಿ ಸುತ್ತಿ ನಮ್ಮ ಚಾಳಿನ ನಲ್ಲಿಯವರೆಗೆ ಬಂತು. ಅವ್ವ ನೀರಿಗೆ ಬೀಳುವ ಜಾಗಕ್ಕೆ ಒಂದು ಸಿನಿಮಾ ಸಂಗೀತ ಬೇರೆ ಹಚ್ಚಿದ್ದರು. ಕೊಡ ಹಿಡಿದು ಹೋದರೆ, "ಏನಬೇ, ಗಂಗವ್ವ ಚಪ್ಪಲಿ ತಿರುಗಿ ಕೊಟ್ಳೇನು?" ಎಂದು ಕೇಳುವವರು. ಅವ್ವ ನಸುಕಿನಲ್ಲೇ ನೀರು ತರತೊಡಗಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮದು ಚಪ್ಪಲಿಗೆ ಹೋಗಿತ್ತು.

ಕೆಲವು ದಿನಕ್ಕೆ ಇಮಾಮಸಾಬರ ಫೋನು ಬಂತು. ಹುಡುಗಿ ಒಪ್ಪಿಗೆ ಅಂದರು. ಅವ್ವ ಮೊದಲ ಸಲ ಬಾಯಿ ಬಿಟ್ಟಳು.

"ಬ್ಯಾಡ್ರಿ. ನೀರು ಬರ್ತದ ಅಂತ ಗೊತ್ತಿದ್ದೂ ಸುಮ್ನ ಕುಂತು ನೋಡೋ ಮಂದಿ ಅವರು. ಅವರ ಮನ್ಯಾಗ ನನ್ನ ಮಗಳು ಹ್ಯಾಂಗ ಬಾಳೇ ಮಾಡ್ತಾಳ?"

"ಇಷ್ಟ ನಕ್ಕ ಮ್ಯಾಲ ಲಗ್ನ ಆಗಲಿಲ್ಲಂದ್ರ, ನಕ್ಕದ್ದೊಂದ ಉಳೀತದ" ಅಂದ ಅಪ್ಪ. "ಬರಿಗಾಲಾಗ ಬಂದ್ರು ಅಂತ ಬಿಟ್ರು ಅನ್ನೂದಿಲ್ಲೇನು ಮಂದಿ?"

ಇಬ್ಬರೂ ಅಕ್ಕನ ಕಡೆ ನೋಡಿದರು. ಅವಳು ನೆಲ ನೋಡುತ್ತ, "ಆಗ್ಲಿ ಅಪ್ಪಾ" ಅಂದಳು. ಮಳೆಗಾಲ ಹಿಡಿಯುವ ಮೊದಲೇ ನಿಖಾ ಆಯಿತು.

ಹುಡುಗಿಯಾಗಿದ್ದ ನನಗೆ, ನಕ್ಕವರ ಮನೆಗೇ ಹೋಗಿ ಅವರ ಜೊತೆ ತಾನೂ ನಗುತ್ತಾಳೆಂದು ಅಕ್ಕನ ಮೇಲೆ ಸಿಟ್ಟಿತ್ತು. ಆ ಸಿಟ್ಟು ಹೋದ ವರ್ಷದ ರಮಜಾನ್ ಹಬ್ಬದವರೆಗೂ ಇತ್ತು. ಅಕ್ಕನ ಮನೆಯಲ್ಲಿ ಎಲ್ಲ ಸೇರಿದ್ದೆವು, ಅವ್ವ ಅಪ್ಪನೂ ಇದ್ದರು. ಅಕ್ಕನ ಮೈದುನನಿಗೆ ಹೊಸದಾಗಿ ಮದುವೆಯಾಗಿತ್ತು. ಶೀರಕುರ್ಮಾ ಬಟ್ಟಲು ಹಿಡಿದು ಕೂತ ಹೊಸ ಸೊಸೆಗಾಗಿ ನಾದಿನಿ ಶುರು ಹಚ್ಚಿದಳು.

"ಭಾಬಿ, ಆ ಚಪ್ಪಲಿ ಕಥಿ ಹೇಳ್ರಿ, ಇಕಿ ಕೇಳಿಲ್ಲ."

ಅವ್ವ ಬಟ್ಟಲಿನೊಳಗೆ ಚಮಚ ತಿರುಗಿಸುತ್ತ ತಲೆ ತಗ್ಗಿಸಿದಳು. ಅಕ್ಕ ಎದ್ದು ನಿಂತು, ಕೈ ಬೀಸಿ, ಕಣ್ಣು ಅರಳಿಸಿ ಹೇಳಿದಳು. "ಹಟಾ ಮಾಡಿ ಎಲ್ಲಾರ ಚಪ್ಪಲಿ ಬಿಡಿಸಿದಾಕಿ ನಾನ! ಅವ್ವ ಬ್ಯಾಡ ಬ್ಯಾಡ ಅಂದ್ಳು, ನಾ ಎಲ್ಲಿ ಕೇಳ್ಬೇಕು? ಆಮ್ಯಾಲ ನೀರಾಗ ದೊಪ್ ಅಂತ ಬಿದ್ದಾಕಿನೂ ನಾನ!" ಬೀಳುವುದನ್ನು ಮಾಡಿ ತೋರಿಸಿದಳು. ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಳು. ಮುದುಕರಾದ ಇಮಾಮಸಾಬರು, "ಏ, ನೀ ಅಲ್ಲ, ಬೀಗತಿ ಅಲ್ಲೇನು ಬಿದ್ದದ್ದು?" ಎಂದರೆ, "ನಿಮಗ ಮರವು ಬಂದೈತ್ರಿ ಮಾವಾ, ನಾನ!" ಎಂದು ಅವರ ಮಾತನ್ನು ನಗೆಯಲ್ಲೇ ಮುಳುಗಿಸಿದಳು.

ಅಡುಗೆಮನೆಯಲ್ಲಿ ಅವಳನ್ನು ಹಿಡಿದೆ. "ಖರೇ ಹೇಳು, ನಗು ಹ್ಯಾಂಗ ಬರ್ತದ ನಿನಗ?"

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಇವರು ಹೇಳೂದಂತೂ ಬಿಡೂದಿಲ್ಲ. ಮಾವಾರು ಹೇಳಿದ್ರ ಅವ್ವನ ನಡಿಗಿ ಮಾಡಿ ತೋರಿಸ್ತಾರ, ಅಪ್ಪ ಬೈದದ್ದೂ ಹೇಳ್ತಾರ. ನಾ ಹೇಳಿದ್ರ ಅವ್ವ ಅದ್ರಾಗ ಇರೂದ ಇಲ್ಲ. ವಿಡಿಯೋನೂ ಎಲ್ಲಾರ ಮೊಬೈಲಿನ್ಯಾಗಿಂದ ಹುಡುಕಿ ತಗಿಸೀನಿ."

ಅಷ್ಟು ವರ್ಷ ಅವಳ ನಗೆಗೆ ಹಲ್ಲು ಕಡಿದವಳು ನಾನು. ಬಾಯಿ ಜೋರಿನವಳು ಒಂದು ಸಲವಾದರೂ ಅವ್ವನ ಪರ ಬಾಯಿ ತೆರೆದಿರಲಿಲ್ಲ. ಮೆತ್ತನೆಯವಳು ಆ ಅವಮಾನವನ್ನು ಪೂರಾ ತನ್ನ ಹೆಸರಿಗೆ ಬರೆಸಿಕೊಂಡಿದ್ದಳು.

ಈಗ ನಮ್ಮ ಬಳಗದಲ್ಲಿ ಮಕ್ಕಳಿಗೆ ಗೊತ್ತಿರುವುದು ಅಕ್ಕನ ಕಥೆಯೇ. ಅದರಲ್ಲಿ ಅವ್ವ ಒಂದು ಮೂಲೆಯಲ್ಲಿ ಬ್ಯಾಡ ಬ್ಯಾಡ ಎನ್ನುತ್ತ ಕೂತಿರುತ್ತಾಳೆ. ಮಾನ ಉಳಿಸಲು ಅಕ್ಕ ಅವಳನ್ನು ಆ ಬೋಟಿನಿಂದಲೇ ಇಳಿಸಿಬಿಟ್ಟಿದ್ದಾಳೆ. ಅವ್ವ ಮತ್ತೆಂದೂ ಬೋಟು ಹತ್ತಲಿಲ್ಲ. ಅವತ್ತು ಅವಳೆಷ್ಟು ಖುಷಿಯಾಗಿದ್ದಳೆಂದು ಯಾರೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಕೇಳಬೇಕೆಂದು ಎಷ್ಟೋ ಸಲ ಅವಳ ಪಕ್ಕ ಹೋಗಿ ಕೂತಿದ್ದೇನೆ. ನನಗೇ ನಾಚಿಕೆಯಾಗಿ, ಬೇರೇನೋ ಮಾತಾಡಿ ಎದ್ದು ಬಂದಿದ್ದೇನೆ.