ಕರಡಿ ಕೆರೆಯ ಐದು ತೋಳುಗಳು

ಮೇಸ್ತ್ರಿಯವರ ಎಡಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಪೈಪು ಬಿದ್ದು ಮುರಿದದ್ದು, ಮಡಚಿದಂತೆಯೇ ಕೂಡಿಕೊಂಡಿತ್ತು. ಆ ಕೈಯನ್ನು ಅಗಲಿಸಿ ನಮ್ಮ ಮುಖದ ಮುಂದೆ ಹಿಡಿದು, "ನೋಡಿ, ಕೆರೆ ಇರುವುದು ಹೀಗೆ. ಐದು ತೋಳು. ಒಂದು ಸ್ವಲ್ಪ ಡೊಂಕು," ಎನ್ನುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಹರೈನಿನ ಟುಬ್ಲಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಅವರ ಕೈಕೆಳಗೆ ವೆಲ್ಡರ್ ಆಗಿದ್ದೆ.

ಆ ಕೆರೆ ಇರುವುದು ಕೆನಡಾದ ಉತ್ತರದಲ್ಲಿ. ಅದರ ಇಂಗ್ಲಿಷ್ ಹೆಸರಿನಲ್ಲಿ ಕರಡಿ ಇದ್ದುದರಿಂದ ನಾವು ಕರಡಿ ಕೆರೆ ಎಂದೇ ಕರೆದೆವು. ಮೇಸ್ತ್ರಿಯವರು ಅದನ್ನು ಕಣ್ಣಾರೆ ಕಂಡವರಲ್ಲ. ಆ ಸೀಮೆಯಲ್ಲಿ ದುಡಿದು ಬಂದಿದ್ದ ಇಂಜಿನಿಯರ್ ಒಬ್ಬರು ತಮ್ಮ ದೇಶಕ್ಕೆ ಮರಳುವಾಗ ಹಳೆಯ ಭೂಗೋಳದ ಪುಸ್ತಕವೊಂದನ್ನು ಕೊಟ್ಟುಹೋಗಿದ್ದರಂತೆ. ಎಂಟನೇ ಕ್ಲಾಸಿನ ಇಂಗ್ಲಿಷು, ಪಕ್ಕದಲ್ಲೊಂದು ಡಿಕ್ಷನರಿ, ಇಷ್ಟರಲ್ಲೇ ಅದನ್ನು ಅರೆದು ಕುಡಿದಿದ್ದರು. ನವೆಂಬರಿನಲ್ಲಿ ಹೆಪ್ಪುಗಟ್ಟುವ ನೀರು ಪೂರ್ತಿ ಕರಗಲು ಜುಲೈ ಬರಬೇಕು. ಚಳಿಗಾಲದಲ್ಲಿ ಲಾರಿಗಳು ಮಂಜುಗಡ್ಡೆಯ ಮೇಲೆಯೇ ಓಡುತ್ತವೆ. ಅಷ್ಟುದ್ದದ ದಡಕ್ಕೆಲ್ಲ ಇರುವುದು ಒಂದೇ ಹಳ್ಳಿ. ಉತ್ತರದ ತೋಳಿನ ತುದಿಗೆ ಡಿಸೆಂಬರಿನ ಕೆಲವು ದಿನ ಸೂರ್ಯನೇ ಬರುವುದಿಲ್ಲ. ಕೆರೆಯ ನೀರು ಹೊರಗೆ ಹರಿಯುವುದು ಪಡುವಣಕ್ಕೆ, ನಮ್ಮ ನೇತ್ರಾವತಿಯ ಹಾಗೆ. ಈ ಕೊನೆಯ ಮಾತು ಪುಸ್ತಕದ್ದಲ್ಲ, ಮೇಸ್ತ್ರಿಯವರದೇ.

ಬೇಸಿಗೆಯಲ್ಲಿ ಅವರದೊಂದು ಕ್ರಮವಿತ್ತು. ಗಂಟೆಗೊಮ್ಮೆ ನೀರಿನ ಜಗ್ ಹಿಡಿದು ಬರುವರು. ನೀರು ಕೊಡುವ ಮೊದಲು ಒಬ್ಬೊಬ್ಬರಿಗೂ ಕೆರೆಯ ಬಗ್ಗೆ ಒಂದು ಪ್ರಶ್ನೆ. ಉತ್ತರ ಸರಿಯಾದರೆ ಅರಬರ ಹಾಗೆ, "ಯಲ್ಲಾ, ನಡಿ, ಕುಡಿ, ಕೆಲಸ ನೋಡು." ತಡವರಿಸಿದರೆ ತಲೆಗೆ ಒದ್ದೆ ಟವೆಲು, ಅರ್ಧ ಗಂಟೆ ನೆರಳು. ಇದು ಅವರ ಹುಚ್ಚು ಎಂದೇ ನಾವೆಲ್ಲ ತಿಳಿದಿದ್ದೆವು. ನಾನಂತೂ ಸುಮ್ಮನಿರುವ ಜಾತಿಯವನಲ್ಲ.

"ಮೇಸ್ತ್ರಿಯವರೇ, ಆ ಕಡೆಗೆ ವೀಸಾ ಯಾವಾಗ?"

"ಮೊದಲು ಉತ್ತರ ಹೇಳು ಮಾರಾಯ, ಮತ್ತೆ ಬೊಗಳು," ಎಂದು ನಗುತ್ತಿದ್ದರು.

ಒಂದು ಆಗಸ್ಟಿನಲ್ಲಿ ನಾನು ಅಂಗಳದಲ್ಲಿ ಮಲಗಿಸಿಟ್ಟಿದ್ದ ಟ್ಯಾಂಕಿನೊಳಗೆ ಕೂತು ವೆಲ್ಡಿಂಗ್ ಮಾಡುತ್ತಿದ್ದೆ. ಬೆವರು ನಿಂತುಹೋಗಿತ್ತು, ಹಾಯಾಯಿತು ಎಂದುಕೊಂಡೆ. ಮೇಸ್ತ್ರಿಯವರು ಬಾಗಿ ಇಣುಕಿದ್ದು ನೆನಪಿದೆ. ಮುಂದಿನದು ಜೊತೆಯವರು ಹೇಳಿದ್ದು.

"ಕೆರೆ ಹೆಪ್ಪುಗಟ್ಟುವುದು ಯಾವ ತಿಂಗಳು?"

"ನಾನು ಸಮ ಇದ್ದೇನೆ."

"ಅದು ನಾನು ಕೇಳಲಿಲ್ಲ. ಯಾವ ತಿಂಗಳು?"

"ಶುಕ್ರವಾರ," ಎಂದೆನಂತೆ.

ಕಾಲು ಹಿಡಿದು ಹೊರಗೆಳೆದರು. ಕುಡಿಯುವ ನೀರಿಗೆಂದು ತಂದಿದ್ದ ಐಸನ್ನೆಲ್ಲ ನನ್ನ ಮೈಮೇಲೆ ಸುರಿದು, ಪಿಕಪ್ಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊಡೆದರು. ಬಿಸಿಲು ಇವನ ತಲೆಗೆ ಹತ್ತಿದ್ದು ನಿಮಗೆ ಇಷ್ಟು ಬೇಗ ಹೇಗೆ ತಿಳಿಯಿತು ಎಂದು ಡಾಕ್ಟರು ಕೇಳಿದರಂತೆ.

ನಾನೂ ಮರುದಿನ ಹಾಸಿಗೆಯಿಂದಲೇ ಅದನ್ನೇ ಕೇಳಿದೆ. ಮೇಸ್ತ್ರಿಯವರು ಡೊಂಕು ಬೆರಳು ಸವರುತ್ತ ಹೇಳಿದರು.

"ನಮ್ಮ ಊರಿನವರ ಹತ್ತಿರ ಹೇಗಿದ್ದೀಯ ಅಂತ ಕೇಳಿ ಪ್ರಯೋಜನ ಇಲ್ಲ. ಸಾಯುವವನೂ ಸಮ ಇದ್ದೇನೆ ಅಂತಲೇ ಹೇಳುವುದು. ಕೆಲಸ ಬಿಟ್ಟು ಕೂತರೆ ಎಲ್ಲಿ ಊರಿಗೆ ಕಳಿಸುತ್ತಾರೋ ಅಂತ ಹೆದರಿಕೆ. ಹಿಂದೆ ಬೇರೆ ಕಡೆ ನನ್ನ ಜೊತೆ ಇದ್ದವ ಒಬ್ಬ ಹಾಗೇ ಹೇಳಿದ. ನಾನು ನಂಬಿದೆ. ಸಂಜೆಗೆ ಅವ ಇರಲಿಲ್ಲ. ಅವನ ಬಟ್ಟೆಬರೆ ಪೆಟ್ಟಿಗೆಗೆ ತುಂಬಿಸಿದ್ದು ನಾನೇ."

"ಅದಕ್ಕೆ ಕೆರೆಯೇ ಯಾಕೆ?"

"ಹೆಂಡತಿ ಮಕ್ಕಳ ಹೆಸರು ತಲೆ ತಿರುಗಿದವನೂ ಹೇಳುತ್ತಾನೆ. ಬೇರೆಯವರು ಕಲಿಸಿದ್ದು ಮೊದಲು ಮರೆತುಹೋಗುವುದು." ಆಮೇಲೆ ತುಸು ನಾಚಿಕೊಂಡು, "ಮತ್ತೆ, ಅಲ್ಲಿಯ ಥಂಡಿ ನೆನೆದರೆ ನನಗೂ ಒಂದು ಸುಖ ಉಂಟು," ಎಂದರು.

ಮತ್ತೆಂದೂ ನಾನು ಅವರನ್ನು ಗೇಲಿ ಮಾಡಲಿಲ್ಲ. ಅವರು ಊರಿಗೆ ಮರಳಿದ ಮೇಲೆ ಜಗ್ ನನ್ನ ಕೈಗೆ ಬಂತು, ಪ್ರಶ್ನೆಗಳೂ ಬಂದವು. ಪಂಜಾಬಿನ ಹುಡುಗರಿಗೆ ಹಿಂದಿಯಲ್ಲಿ ಕೇಳುತ್ತಿದ್ದೆ. ಅವರು ಹಿಂದಿನಿಂದ ನಗುತ್ತಿದ್ದುದು ನನಗೆ ಗೊತ್ತಿತ್ತು.

ಕೆಲವು ವರ್ಷಗಳ ನಂತರ ರಜೆಯಲ್ಲಿ ಊರಿಗೆ ಬಂದಾಗ ಮೇಸ್ತ್ರಿಯವರು ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ ಎಂದು ತಿಳಿಯಿತು. ನಾಳೆ, ನಾಡಿದ್ದು ಎನ್ನುತ್ತ ನೆಂಟರ ಮನೆ ಸುತ್ತಿ ಒಂದು ವಾರ ಕಳೆದೆ. ಹೋದಾಗ ಜ್ವರ ಏರಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಹೇಗಿದ್ದೀರಿ ಎಂದು ನಾನು ಕೇಳಲಿಲ್ಲ.

"ಮೇಸ್ತ್ರಿಯವರೇ, ಕರಡಿ ಕೆರೆಗೆ ಎಷ್ಟು ತೋಳು?"

ಎಡಗೈ ಹೊದಿಕೆಯ ಮೇಲೆ ಒಂದಿಷ್ಟು ಎದ್ದು, ಬೆರಳು ಬಿಚ್ಚುವ ಮೊದಲೇ ಬಿತ್ತು.

"ನಾನು ಸಮ ಇದ್ದೇನೆ ಮಾರಾಯ," ಎಂದರು.

ಆ ಉತ್ತರವನ್ನು ಅವರು ನಮ್ಮಿಂದ ಒಂದು ದಿನವೂ ಒಪ್ಪಿರಲಿಲ್ಲ. ನಾನು ನರ್ಸನ್ನು ಕೂಗುತ್ತ ಓಡಿದೆ. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಅವರು ನನ್ನನ್ನು ಸರಿಯಾದ ಹೊತ್ತಿಗೆ ಕೇಳಿದ್ದರು. ನಾನು ಒಂದು ವಾರ ತಡವಾಗಿ ಕೇಳಿದೆ.