ಕೈ ಮುಗಿದು ನಗುತ್ತಿದ್ದ ಬೋರ್ಡು

ನಮ್ಮವ್ವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಆದರೆ ಅದು ಕಾಯಿಲೆ ಎಂದು ಅವಳು ಒಪ್ಪಿಕೊಂಡಿದ್ದು ಹೋದ ವರ್ಷ, ಹಿಮ್ಮಡಿಯ ಗಾಯವೊಂದು ಮಾಗದೆ ಹಟ ಹಿಡಿದಾಗ. ಹಟದಲ್ಲಿ ಗಾಯವೂ ಅವಳದೇ ವಂಶ. ಯಲಿಯೂರಿನ ಅಣ್ಣನ ಮನೆಯಿಂದ ಅವಳನ್ನು ಮಂಡ್ಯದ ನಮ್ಮ ಮನೆಗೆ ಕರೆತಂದು ಆಸ್ಪತ್ರೆಗೆ ತೋರಿಸಿದೆ. ಡಾಕ್ಟರು ಅವ್ವನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು: "ಗಾಯಕ್ಕೆ ಕೊಳಕು ನೀರು ಸೋಕಬಾರದಮ್ಮ. ಸೋಕಿದರೆ ಕಾಲು ಉಳಿಯೋದು ಕಷ್ಟ."

ಅಂದಿನಿಂದ ಆ ಕಾಲನ್ನು ಹಸುಗೂಸಿನ ಹಾಗೆ ನೋಡಿಕೊಂಡೆ. ಪ್ಲಾಸ್ಟಿಕ್ ಕವರು ಕಟ್ಟಿ ಸ್ನಾನ ಮಾಡಿಸುವುದು, ಒರೆಸುವುದು, ಮುಲಾಮು ಹಚ್ಚಿ ಪಟ್ಟಿ ಸುತ್ತುವುದು. ಅವ್ವ ಎಲ್ಲಕ್ಕೂ ಕಾಲು ಚಾಚಿಕೊಂಡು ಕೂತಿರುತ್ತಿದ್ದಳು. ಇಷ್ಟು ಸುಲಭವಾಗಿ ಮಾತು ಕೇಳುವ ಹೆಂಗಸಲ್ಲವಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅವಳು ವೈದ್ಯನಾಥಪುರದ ಈಶ್ವರನಿಗೆ ಹರಕೆ ಹೊತ್ತಾಗಿತ್ತು. ನಮ್ಮ ಕಡೆ ಕಜ್ಜಿ, ಮಾಯದ ಗಾಯ ಎಂದರೆ ಗುಡಿಯ ಪಕ್ಕದ ಶಿಂಷಾ ಹೊಳೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಆ ದೇವರನ್ನು ಸುತ್ತುವುದು ರೂಢಿ. ನಾನು ಕೂಸಾಗಿದ್ದಾಗ ನನ್ನ ಮೈಯೆಲ್ಲ ಕಜ್ಜಿಯಾಗಿ, ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಅಲ್ಲಿ ಮುಳುಗಿಸಿ ತಂದಿದ್ದಳಂತೆ. ಆಗ ಹೊಳೆಯ ತಳದ ಮರಳು ಕಾಣುತ್ತಿತ್ತಂತೆ. ನಾನು ಏನು ಹೇಳಿದರೂ ಅವಳದು ಒಂದೇ ಮಾತು: "ನಿನ್ ಕಜ್ಜಿ ಓಗ್ನಿಲ್ವಾ?"

ಬಿಟ್ಟರೆ ಒಬ್ಬಳೇ ಬಸ್ಸು ಹತ್ತುವವಳು. ಹೊಳೆ ನೋಡಿದ ಮೇಲಾದರೂ ಮನಸ್ಸು ಬದಲಾದೀತು ಎಂಬ ಆಸೆಯಿಂದ ಒಂದು ಸೋಮವಾರ ನಾನೇ ಕರೆದುಕೊಂಡು ಹೊರಟೆ. ಮದ್ದೂರಿನಲ್ಲಿ ಇಳಿದು ಆಟೋ ಹಿಡಿದೆವು.

ಹೊಳೆ ಹಸಿರಾಗಿ ನಿಂತಿತ್ತು. ದಡದಲ್ಲಿ ನೊರೆ, ಶಾಂಪೂ ಪೊಟ್ಟಣಗಳು, ಯಾರೋ ಉಟ್ಟು ಬಿಟ್ಟ ಸೀರೆ. ಇಳಿಯುವ ಜಾಗದಲ್ಲೇ ಒಂದು ದೊಡ್ಡ ಸರ್ಕಾರಿ ಬೋರ್ಡು. ಅದರ ತುಂಬ ದೊಡ್ಡ ದೊಡ್ಡವರ ಮುಖಗಳು. ಎಲ್ಲರೂ ಕೈ ಮುಗಿದು ನಗುತ್ತಿದ್ದರು. ಬುಡದಲ್ಲಿ, ಹುಲ್ಲು ಬೆಳೆದು ಅರ್ಧ ಮುಚ್ಚಿದ್ದ ಕಡೆ, ಒಂದು ಸಣ್ಣ ಸಾಲು: ಈ ನೀರು ಸ್ನಾನಕ್ಕೆ ಯೋಗ್ಯವಲ್ಲ. ಜನರಿಗೆ ತಿಳಿಸಲೆಂದು ಸುರಿದ ದುಡ್ಡೆಲ್ಲ ಮುಖಗಳಿಗೇ ಖರ್ಚಾಗಿ, ನೀರಿನ ಸುದ್ದಿಗೆ ಅಷ್ಟು ಜಾಗ ಉಳಿದಿತ್ತು. ಬೋರ್ಡಿನ ಹಿಂದೆ ಹೆಂಗಸರು ಸೀರೆ ಬದಲಾಯಿಸುತ್ತಿದ್ದರು. ಆ ಬೋರ್ಡಿನಿಂದ ಆಗಿದ್ದ ಉಪಕಾರ ಅದೊಂದೇ.

ನನಗೆ ಮಾತ್ರ ಜೀವ ಬಂದಂತಾಯಿತು. ನನ್ನ ಮಾತಿಗೆ ಸರ್ಕಾರವೇ ಸಾಕ್ಷಿ. ಅಕ್ಷರ ಬಾರದ ಅವ್ವನಿಗೆ ಹುಲ್ಲು ಸರಿಸಿ, ಬೆರಳಿಟ್ಟು ಓದಿ ಹೇಳಿದೆ.

ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲಿನ ಮುಖಗಳನ್ನು ನೋಡಿದಳು.

"ಯಾರ್ಗ್ ಯೋಳ್ತೀಯ? ಕೈ ಮುಗ್ದು ನಗ್ತಾ ನಿಂತವ್ರೆ, ಬನ್ನಿ ಅಂತ ತಾನೆ? ನೀರ್ ಕೆಟ್ಟೋಗೈತೆ ಅನ್ನೋರು ಇಂಗ್ ನಗ್ತಾರಾ?"

"ಕೆಳಗೆ ಬರ್ದವ್ರೆ ಕಣವ್ವ!"

"ನಿಮ್ ಡಾಕ್ಟ್ರು ಯೋಳ್ಕೊಟ್ಟಿದ್ನ ಓದ್ತಿದ್ದೀಯ. ಸುಮ್ಕಿರು."

ಅಷ್ಟು ಹೇಳಿ ಬೋರ್ಡಿನ ಮರೆಗೆ ಹೋಗಿ, ಕೂತು ಕಾಲಿನ ಪಟ್ಟಿ ಬಿಚ್ಚತೊಡಗಿದಳು. ನಾನು ಬೈದೆ, ಬೇಡಿಕೊಂಡೆ, ಅತ್ತೂಬಿಟ್ಟೆ. ನಿಜ ಹೇಳುತ್ತೇನೆ, ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ. ಹೊಲ ಗದ್ದೆಯೆಲ್ಲ ತುಳಿದು ನಮ್ಮನ್ನು ಸಾಕಿದ ಕಾಲು ಅದು. ಅದಿಲ್ಲದ ಅವ್ವನನ್ನು ನೋಡುವ ಧೈರ್ಯ ನನಗಿರಲಿಲ್ಲ.

ಆಗ ನೆನಪಾಯಿತು. ಅಜ್ಜಿ ಏಳಲಾರದೆ ಮಲಗಿದ್ದಾಗ ಅವಳ ಹರಕೆಯನ್ನು ಅವ್ವನೇ ಮುತ್ತತ್ತಿಗೆ ಹೋಗಿ, ಕಾವೇರಿಯಲ್ಲಿ ಮುಳುಗಿ ತೀರಿಸಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವರು ಮುಳುಗಿದರೂ ಸಲ್ಲುತ್ತದೆ ಎಂದು ಅವಳೇ ಹೇಳಿದ್ದಳು.

"ನಿನ್ ಹೆಸ್ರಲ್ಲಿ ನಾನೇ ಮುಳುಗ್ತೀನಿ. ನೀನು ಕೂತಿರು" ಎಂದು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಮೆಟ್ಟಿಲಿಳಿದೆ. ನೀರು ಪಾದಕ್ಕೆ ಲೋಳೆಯಾಗಿ ತಗುಲಿತು. ವಾಸನೆಗೆ ಉಸಿರು ಬಿಗಿಹಿಡಿದು ಇನ್ನೊಂದು ಮೆಟ್ಟಿಲು ಇಳಿಯಬೇಕು, ಹಿಂದಿನಿಂದ ಕೂಗು ಕೇಳಿತು.

"ಬ್ಯಾಡ ಕಣ್ ಮಗ! ಬಾ ಮ್ಯಾಕೆ! ನೀರ್ ಸರಿಯಿಲ್ಲ ಅಂತ ಬೋಲ್ಡಲ್ಲಿ ಬರ್ದವ್ರೆ!"

ತಿರುಗಿ ನೋಡಿದರೆ ಅವ್ವ ಅರ್ಧ ಬಿಚ್ಚಿದ ಪಟ್ಟಿ ಎಳೆದುಕೊಂಡು ಕುಂಟುತ್ತ ಬರುತ್ತಿದ್ದಳು. ರಟ್ಟೆ ಹಿಡಿದು ನನ್ನನ್ನು ದಡಕ್ಕೆ ಎಳೆದಳು. ಮನೆಯಿಂದ ತಂದಿದ್ದ ಬಾಟಲಿಯ ನೀರನ್ನೆಲ್ಲ ನನ್ನ ಪಾದಕ್ಕೆ ಸುರಿದು ತನ್ನ ಸೆರಗಿನಿಂದಲೇ ಒರೆಸಿದಳು, ಬೆರಳ ಸಂದಿಯನ್ನೂ ಬಿಡದೆ. "ಕಜ್ಜಿ ಬಂದ್ರೆ ಏನ್ ಮಾಡ್ತಿದ್ದೆ?" ಎಂದು ಬೈದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಪಟ್ಟಿಯನ್ನು ನಾನು ಮತ್ತೆ ಕಟ್ಟಿದೆ. ಅವ್ವ ಹೊಳೆಯ ಕಡೆ ತಿರುಗಿ ಕೈ ಮುಗಿದಳು. "ನಿಂಗೇ ಉಸಾರಿಲ್ಲ ಕಣ್ ನಮ್ಮವ್ವ. ನೀನ್ ಮೊದ್ಲು ವಾಸಿ ಮಾಡ್ಕೋ" ಎಂದಳು. ಆಮೇಲೆ ಒಣ ಸೀರೆಯಲ್ಲೇ ಗುಡಿ ಸುತ್ತಿ ಬಂದೆವು.

ಗಾಯ ನಿಧಾನವಾಗಿ ಮಾಗಿತು, ಕಾಲು ಉಳಿಯಿತು. ಮಾಗಿಸಿದ್ದು ಮುಲಾಮೋ ಈಶ್ವರನೋ ಎಂದು ಇವತ್ತಿಗೂ ನಮ್ಮಿಬ್ಬರಿಗೆ ಜಗಳವಿದೆ. ಆದರೆ ಆ ದಿನದ ನೆನಪಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾಗಿ ಉಳಿದಿರುವುದು ನಾವು ಗುಡಿಯಿಂದ ಹೊರಬಂದ ಮೇಲಿನ ಗಳಿಗೆ.

ಹೊಳೆಯ ದಡದಲ್ಲಿ ಒಬ್ಬಳು ಹುಡುಗಿ, ಮೈಯೆಲ್ಲ ಗುಳ್ಳೆಯೆದ್ದ ತನ್ನ ಕೂಸಿನ ಅಂಗಿ ಬಿಚ್ಚುತ್ತಿದ್ದಳು. ಅವ್ವ ಕುಂಟಿಕೊಂಡೇ ಅವಳ ಬಳಿ ಹೋದಳು.

"ಇಳಿಸ್ಬ್ಯಾಡ ಕಣವ್ವ. ನೀರ್ ಕೆಟ್ಟೋಗೈತೆ. ಮೊದ್ಲು ಡಾಕ್ಟ್ರಿಗ್ ತೋರ್ಸು."

ಆ ಹುಡುಗಿ ಬೋರ್ಡಿನ ಕಡೆ ನೋಡಿದಳು. "ಬನ್ನಿ ಅಂತ ಕೈ ಮುಗ್ದವ್ರಲ್ಲ, ಅಜ್ಜಿ?"

"ಅವ್ರು ನಗ್ಲಿ ಬುಡು. ನನ್ ಮುಕ ನೋಡು. ನಾನ್ ನಗ್ತಿದ್ದೀನಾ?"

ಹುಡುಗಿ ಅವ್ವನ ಮುಖ ನೋಡಿದಳು. ಆಮೇಲೆ ಕೂಸಿಗೆ ಮತ್ತೆ ಅಂಗಿ ತೊಡಿಸಿದಳು.